ಕಬ್ಬಿಣ ತಾಕದ ನೆಲ

ನೆಲಕ್ಕೆ ಅಂಕ ಕೊಡುವ ಕಾಲ ಬಂದು ಹನ್ನೊಂದು ವರ್ಷವಾಗಿತ್ತು. ರಾಜ್ಯದ ಪ್ರತಿ ಎಕರೆಯೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಬೇಕು. ಪ್ರಶ್ನೆ ಎರಡೇ. ನಿನ್ನಿಂದ ಏನು ಉತ್ಪಾದನೆಯಾಗುತ್ತದೆ? ನೀನು ಗಾಳಿಗೆ ಬಿಡುವ ಇಂಗಾಲವೆಷ್ಟು, ಗಾಳಿಯಿಂದ ಹೀರುವುದೆಷ್ಟು? ಸಿಮೆಂಟು ಕಾರ್ಖಾನೆ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತಿತ್ತು. ಕಾಡು ಎರಡನೆಯದರಲ್ಲಿ ಗೆಲ್ಲುತ್ತಿತ್ತು. ಒಂದರ ಸೋಲಿಗೆ ಇನ್ನೊಂದರ ಗೆಲುವನ್ನು ಜೋಡಿಸಿ, ಎಲ್ಲಿ ಕಾರ್ಖಾನೆ, ಎಲ್ಲಿ ಗದ್ದೆ, ಎಲ್ಲಿ ಬಡಾವಣೆ, ಎಲ್ಲಿ ಮರ ಎಂದು ತೀರ್ಮಾನಿಸುವ ಯಂತ್ರವೊಂದಿತ್ತು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರು. ಜನ ತಕ್ಕಡಿ ಎಂದರು. ಕೊನೆಗೆ ಅಧಿಕಾರಿಗಳ ಬಾಯಲ್ಲೂ ಅದೇ ನಿಂತಿತು.

ಎರಡೂ ಪ್ರಶ್ನೆಗೆ ಸೊನ್ನೆ ತೆಗೆದ ನೆಲ, ತಕ್ಕಡಿಗೆ ಬೇಕಾದಾಗ, ತೆರೆಯ ಮೇಲೆ ಹಳದಿಯಾಗುತ್ತಿತ್ತು. ಹಳದಿ ಎಂದರೆ ಸುಮ್ಮನೆ ಬಿದ್ದುಕೊಂಡಿರುವ ನೆಲ, ಏನಾದರೂ ಕೆಲಸಕ್ಕೆ ಹಚ್ಚಬೇಕಾದದ್ದು.

ರೂಪಕಲಾ ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಏಳು ವರ್ಷದಿಂದ ಮಣ್ಣಿನ ಪರಿಶೀಲಕಿ. ಆ ಸೋಮವಾರ ಮಗಳು ಚಿನ್ಮಯಿಗೆ ಜಡೆ ಹಾಕಿ, ಮೂರು ಡಬ್ಬಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತುಂಬಿ, ಎಂಟರ ಬಸ್ಸು ಹಿಡಿದು ಬಂದವಳು ತನ್ನ ಕುರ್ಚಿಯಲ್ಲಿ ಕೂತು ತೆರೆ ನೋಡಿದಳು. ಗೋಡೆಯಗಲದ ಜಿಲ್ಲೆಯ ನಕ್ಷೆಯಲ್ಲಿ ಅಂಗೈಯಷ್ಟು ದೊಡ್ಡ ಹೊಸ ಹಳದಿ ಕಾಣಿಸಿತು. ಯಾವ ಊರಿನವರ ಪಾಡೋ ಎಂದುಕೊಂಡು ಹೆಸರು ಓದಿದಳು. ಬೊಮ್ಮಕ್ಕನ ಕಾವಲು, ನಾಲ್ಕು ಸಾವಿರದ ಇನ್ನೂರು ಎಕರೆ.

ಅದು ಅವಳು ಸೊಸೆಯಾಗಿ ಬಂದ ಹಟ್ಟಿಯ ಹುಲ್ಲುಗಾವಲು. ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಅದೇ. ಐದು ಹಟ್ಟಿಗಳ ಹನ್ನೊಂದು ಸಾವಿರ ಕುರಿ, ಮುನ್ನೂರು ದನ, ದೇವರ ಹೆಸರಿನಲ್ಲಿ ಬಿಟ್ಟ ಇಪ್ಪತ್ತೆಂಟು ಎತ್ತುಗಳು ಹೊಟ್ಟೆ ಹೊರೆಯುವುದು ಅದರ ಮೇಲೆ.

ಅವಳು ಆದೇಶ ತೆರೆದಳು. ಕಾವಲನ್ನು ಉತ್ತು, ಬೇಗ ಬೆಳೆಯುವ ನೀಲಗಿರಿ ನೆಡತಕ್ಕದ್ದು. ಇಪ್ಪತ್ತು ಮೈಲಿ ದೂರದ ಸಿಮೆಂಟು ಕಾರ್ಖಾನೆಯ ಹೊಗೆಗೆ ಆ ಮರಗಳು ಸಮ. ಆಕ್ಷೇಪಣೆಗೆ ಹದಿನೈದು ದಿನ. ಕಾರಣ: ಪಹಣಿ ಯಾರ ಹೆಸರಲ್ಲೂ ಇಲ್ಲ, ಹಾಗಾಗಿ ಉತ್ಪಾದನೆ ಸೊನ್ನೆ; ಮಣ್ಣಿನಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಆಧಾರ: ಹತ್ತು ವರ್ಷದ ಹಿಂದೆ ಕಾವಲಿನ ಹನ್ನೆರಡು ಜಾಗದಲ್ಲಿ ತೆಗೆದ ಮಣ್ಣು.

ಹನ್ನೆರಡೂ ಜಾಗದ ಅಂಕಿ ಒಂದೇ ಥರ ಇತ್ತು. ನಾಲ್ಕು ಸಾವಿರ ಎಕರೆಯಲ್ಲಿ ಹನ್ನೆರಡು ಕಡೆ ಅಗೆದರೆ ಹನ್ನೆರಡು ಅಂಕಿ ಬರಬೇಕು. ಮಣ್ಣು ಓದಿ ಬಲ್ಲವಳಿಗೆ ಅದು ತಕ್ಷಣ ಚುಚ್ಚಿತು. ಅವಳು ಕಡತದ ಕೊನೆಯ ಹಾಳೆಗೆ ಹೋದಳು. ಸ್ಥಳ ತೋರಿಸಿದ ಗ್ರಾಮಸ್ಥರ ಹೆಸರು ಅಲ್ಲಿತ್ತು. ಓಬಕ್ಕ, ಗಂಡ ದಿವಂಗತ ಬೋರಯ್ಯ. ಪಕ್ಕದಲ್ಲಿ ಹೆಬ್ಬೆಟ್ಟು.

ಅವಳ ಅತ್ತೆ.

*

ಓಬಕ್ಕ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಮಗ ಪಾಲಾಕ್ಷ ಕುರಿ ಉಣ್ಣೆ ಕತ್ತರಿಸುವ ತಂಡದವನು. ಅವನು ತಂದ ಮೂಟೆಯನ್ನು ಸಂಜೆಯೊಳಗೆ ಮುಗಿಸುವುದು ಅವಳ ಹಟ. ಪಕ್ಕದ ಮನೆಯ ಚಿತ್ತಕ್ಕ ಸಹಾಯಕ್ಕೆಂದು ಬಂದು ಮಾತಿಗೆ ಕೂತಿದ್ದಳು.

ರೂಪಕಲಾ ಚೀಲ ಕೆಳಗಿಡದೆಯೇ ಕೇಳಿದಳು. "ಅತ್ತೆ, ಹತ್ತು ವರ್ಷದ ಹಿಂದೆ ಮಣ್ಣು ತಗೊಂಡು ಹೋಗೋಕೆ ಯಾರಾದ್ರೂ ಬಂದಿದ್ರಾ?"

"ಬಂದಿದ್ರು ಕಣಮ್ಮ. ಇಬ್ರು ಹುಡುಗ್ರು. ನೀಲಿ ಜೀಪು. ಬಿಸ್ಲಾಗೆ ಬೆಂದು ಹೋಗಿದ್ವು ಪಾಪ, ಒಂದು ಚೊಂಬು ಮಜ್ಜಿಗೆ ಕುಡುದ್ರು."

"ಅವ್ರನ್ನ ಎಲ್ಲಿಗೆ ಕರ್ಕೊಂಡು ಹೋದ್ರಿ?"

"ಎಲ್ಲಿಗೆ ಅಂದ್ರೆ? ಮಣ್ಣು ಬೇಕು ಅಂದ್ರು. ಕೆಮ್ಮಣ್ಣಿನ ಗುಂಡಿಗೆ ಕರ್ಕೊಂಡು ಹೋದೆ. ನಾವು ಗೋಡೆಗೆ ಮಣ್ಣು ತರೋದು ಅಲ್ಲಿಂದಲೇ ಅಲ್ವಾ?"

ರೂಪಕಲಾ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು.

ಆ ಕಾವಲಿಗೆ ಕಬ್ಬಿಣ ತಾಕಿಸುವಂತಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತವೆ. ದೇವರ ಎತ್ತು ಮೇಯುವ ನೆಲ. ಅಲ್ಲಿ ಗುದ್ದಲಿ ಹಾಕುವುದಿಲ್ಲ, ಕುಡುಗೋಲಿನಲ್ಲಿ ಹುಲ್ಲು ಕೊಯ್ಯುವುದಿಲ್ಲ. ಕುರಿ ಹೊಡೆದುಕೊಂಡು ಹೋಗುವವರು ಮಚ್ಚು, ಕತ್ತರಿಗಳನ್ನು ಗಡಿಕಲ್ಲಿನ ಬುಡದಲ್ಲಿಟ್ಟು ಒಳಗೆ ಕಾಲಿಡುತ್ತಾರೆ. ಕುರಿದಡ್ಡಿಯ ಗೂಟಗಳೂ ಮರದವೇ. ಅಗೆಯುವುದೇನಿದ್ದರೂ ಒಂದು ಮೂಲೆಯ ಕೆಮ್ಮಣ್ಣಿನ ಗುಂಡಿಯಲ್ಲಿ. ಅದು ಕಾವಲಿನ ಲೆಕ್ಕದಲ್ಲಿದ್ದರೂ ಕಾವಲಲ್ಲ. ಹುಲ್ಲು ಬೆಳೆಯದ ಬೋಳು ಹೊಂಡ.

ಸರ್ಕಾರ ಬಂದು ಮಣ್ಣು ಕೇಳಿದಾಗ, ನೆಲವನ್ನು ನೋಯಿಸದೆ ಕೊಡಬಹುದಾದ ಮಣ್ಣನ್ನು ಓಬಕ್ಕ ತೋರಿಸಿದ್ದಳು. ಆ ಹುಡುಗರಿಗೂ ಅದು ಹಿಡಿಸಿತ್ತು. ನಾಲ್ಕು ಸಾವಿರ ಎಕರೆ ಸುತ್ತುವುದು ತಪ್ಪಿತು. ಒಂದೇ ಹೊಂಡದಿಂದ ಹನ್ನೆರಡು ಚೀಲ ತುಂಬಿ, ಹನ್ನೆರಡು ಬೇರೆ ಬೇರೆ ಜಾಗದ ಗುರುತು ಬರೆದುಕೊಂಡು, ಮಜ್ಜಿಗೆ ಕುಡಿದು ಹೋಗಿದ್ದರು.

ವಿಷಯ ಕೇಳಿ ಚಿತ್ತಕ್ಕ ಮೊದಲು ನಕ್ಕಳು. "ನೋಡವ್ವ, ನಿನ್ನ ಮಜ್ಜಿಗೆ ಎಷ್ಟು ಹುಳಿ ಇತ್ತು! ಹತ್ತು ವರ್ಷ ಆದ್ಮೇಲೂ ಹಲ್ಲು ಚುಳ್ಳಂತೈತೆ."

ಓಬಕ್ಕ ನಗಲಿಲ್ಲ. "ನಾನು ಕಾಪಾಡಿದೆ ಅನ್ಕಂಡಿದ್ದೆ" ಎಂದಳು. ಆಮೇಲೆ ಉಣ್ಣೆಯ ಮೂಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

*

ಮರುದಿನ ರೂಪಕಲಾ ಕೇಂದ್ರದ ನಿರ್ದೇಶಕ ಪ್ರಹ್ಲಾದ ಅವರ ಕೋಣೆಗೆ ಹೋದಳು. ಪ್ರಹ್ಲಾದ ಕೆಟ್ಟ ಮನುಷ್ಯನಲ್ಲ. ಯಾರಿಗೂ ಜೋರು ಮಾಡಿದವರಲ್ಲ. ಹುಟ್ಟುಹಬ್ಬಕ್ಕೆ ಕೊಠಡಿಯವರಿಗೆಲ್ಲ ಮೈಸೂರು ಪಾಕು ತರುವವರು. ಹನ್ನೆರಡು ಚೀಲದ ಕಥೆ ಕೇಳಿ ನೊಂದುಕೊಂಡರು.

"ಛೆ, ಹೀಗಾಗಬಾರದಿತ್ತು. ಆದರೆ ಆ ಮಣ್ಣು ತೆಗೆದ ಗುತ್ತಿಗೆ ಸಂಸ್ಥೆ ಈಗ ಇಲ್ಲ ರೂಪಕಲಾ ಅವರೇ. ಮುಚ್ಚಿಹೋಗಿದೆ."

"ಸಂಸ್ಥೆ ಇಲ್ಲ ಸರ್, ಅವರು ಬರೆದ ಅಂಕಿ ಇದೆಯಲ್ಲ. ಮತ್ತೆ ಮಣ್ಣು ತೆಗೆಸಿ."

"ನಾವಾಗಿ ತೆಗೆಸೋ ಹಾಗಿಲ್ಲ. ವರ್ಷವರ್ಷದ ಪರೀಕ್ಷೆಗೂ ಮಣ್ಣಿನ ಮೊದಲ ಅಂಕಿಯೇ ಆಧಾರ, ಅದು ಇಪ್ಪತ್ತೈದು ವರ್ಷ ಬದಲಾಗಲ್ಲ ಅಂತ ನಿಯಮ. ಇಲ್ಲದಿದ್ರೆ ದಿನಕ್ಕೊಬ್ಬರು ಬಂದು ಬದಲಾಯಿಸಿ ಅಂತಾರೆ. ಆಕ್ಷೇಪಣೆ ಹಾಕೋರು ಬೇಕಾದರೆ ತಾವೇ ಹೊಸ ಮಣ್ಣು ತರಬಹುದು. ಒಂದು ಮೀಟರ್ ಆಳ, ಹನ್ನೆರಡು ಜಾಗ. ಪರೀಕ್ಷೆ ನೀವೇ ಮಾಡಿ. ಮಣ್ಣಿನ ಜೊತೆ ಅವರ ಸಹಿಯೋ ಹೆಬ್ಬೆಟ್ಟೋ ಇರಬೇಕು, ಅಷ್ಟೇ."

ಸಂಬಳ ತೆಗೆದುಕೊಂಡವರು ಕುಳಿತಲ್ಲೇ ತಪ್ಪು ಬರೆಯಬಹುದು. ಅದನ್ನು ತಿದ್ದುವುದಕ್ಕೆ ಮಾತ್ರ ಕುರಿ ಕಾಯುವವರು ಕೆಲಸ ಬಿಟ್ಟು ಒಂದು ಮೀಟರ್ ಅಗೆಯಬೇಕು. ರೂಪಕಲಾ ನೇರ ಉಗ್ರಾಣಕ್ಕೆ ಹೋಗಿ, ಮಣ್ಣು ಕೊರೆಯುವ ಸಲಾಕೆಯನ್ನು ತನ್ನ ಹೆಸರಲ್ಲಿ ಬರೆಸಿ ತಂದಳು. ತಿರುಪಿನ ತುದಿಯ, ಎದೆಯೆತ್ತರದ ಸಲಾಕೆ. ಅಪ್ಪಟ ಕಬ್ಬಿಣ.

ಬಸ್ಸಿನಲ್ಲಿ ಅದನ್ನು ಕಾಲ ಸಂದಿಯಲ್ಲಿ ಹಿಡಿದು ಕೂತಾಗ ಅವಳಿಗೆ ಅನಿಸಿತು, ಇದನ್ನು ಮನೆಯೊಳಗೆ ತೆಗೆದುಕೊಂಡು ಹೋಗುವುದು ಹೇಗೆ?

ಓಬಕ್ಕ ಅದನ್ನು ನೋಡಿ, ಯಾಕೆಂದು ಕೇಳಿ ತಿಳಿದಳು. ಚಿನ್ಮಯಿ ಎತ್ತಲು ಹೋಗಿ, "ಅಜ್ಜಿ, ಎಷ್ಟು ಭಾರ ಐತೆ!" ಎಂದಳು. ಪಾಲಾಕ್ಷ ತಲೆ ಅಲ್ಲಾಡಿಸಿದ.

"ಬೇಡವ್ವ. ಹಟ್ಟಿಯವ್ರು ಒಪ್ಪಲ್ಲ. ದೇವರ ಎತ್ತು ಕಾಯೋ ಕಿಲಾರಿ ಕ್ಯಾತಣ್ಣ ನಮ್ಮ ಮನೆ ನೀರು ಮುಟ್ಟಲ್ಲ."

"ನೀಲಗಿರಿ ನೆಡೋರು ಗರಿಕೆಯಾಗೆ ಉಳ್ತಾರೇನೋ?" ಎಂದು ಓಬಕ್ಕ ಮಗನನ್ನು ಕೇಳಿದಳು. " ಒಂಬತ್ತು ನೇಗಿಲು ತರ್ತಾರಂತೆ. ಅವು ಕಬ್ಬಿಣ ಅಲ್ವಾ?"

"ಅದು ಅವ್ರ ಪಾಪ."

"ಗುಂಡಿ ತೋರ್ಸಿದ್ದು ನಾನು. ಹೆಬ್ಬೆಟ್ಟು ನಂದು" ಎಂದಳು ಓಬಕ್ಕ. "ಇದೂ ನಂದೇ ಆಗ್ಲಿ."

ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಗಡಿಕಲ್ಲಿನ ಹತ್ತಿರ ಒಂದು ಗಳಿಗೆ ನಿಂತು, ಸಲಾಕೆ ಹೊತ್ತು ಒಳಗೆ ಕಾಲಿಟ್ಟಳು. ಹುಟ್ಟಿ ಅರವತ್ತೆಂಟು ವರ್ಷದಲ್ಲಿ ಮೊದಲ ಸಲ. ಹಟ್ಟಿಯವರು ದೂರ ನಿಂತಿದ್ದರು. ಕ್ಯಾತಣ್ಣ ಬೆನ್ನು ತಿರುಗಿಸಿ ನಿಂತ. ಯಾರೂ ತಡೆಯಲಿಲ್ಲ, ಯಾರೂ ಕೈ ಜೋಡಿಸಲೂ ಇಲ್ಲ.

ಸಲಾಕೆ ಸಲೀಸಾಗಿ ಇಳಿಯಲಿಲ್ಲ. ಬೇರು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಅತ್ತೆ ಒಂದು ಹಿಡಿಗೆ, ಸೊಸೆ ಇನ್ನೊಂದು ಹಿಡಿಗೆ ಜೋತು ತಿರುಗಿಸಿದರು. ಒಂದು ಮೀಟರ್ ಇಳಿದು ಮೇಲೆ ಬಂದ ಮಣ್ಣು ಕಪ್ಪಗೆ, ಒದ್ದೆಯಾಗಿ, ಬೇರಿನ ಎಳೆಗಳಿಂದ ತುಂಬಿತ್ತು. ಏಳು ವರ್ಷದಲ್ಲಿ ರೂಪಕಲಾ ಅಂಥ ಮಣ್ಣು ಕೈಯಲ್ಲಿ ಹಿಡಿದಿರಲಿಲ್ಲ.

"ಇಷ್ಟು ಕೆಳಗಿದ್ದರೂ ಬೇರು ನೋಡಿ ಅತ್ತೆ" ಎಂದಳು. "ಕುರಿ ಮೇಲೆ ಕಚ್ಚಿದಾಗೆಲ್ಲ ಹುಲ್ಲು ಕೆಳಗೆ ಒಂದಿಷ್ಟು ಬೇರು ಬಿಟ್ಟುಕೊಡುತ್ತೆ. ಅದು ಕೊಳೆತು ಕರಿಮಣ್ಣಾಗುತ್ತೆ. ಮತ್ತೆ ಚಿಗುರುತ್ತೆ, ಮತ್ತೆ ಬೇರು. ಮರ ತಾನು ಹೀರಿದ್ದನ್ನ ಮೈಮೇಲೆ ಇಟ್ಕೊಳ್ಳುತ್ತೆ, ಆಕಾಶದಿಂದ ಕಾಣುತ್ತೆ. ಹುಲ್ಲು ನೆಲದೊಳಗೆ ಬಚ್ಚಿಡುತ್ತೆ."

"ನಮ್ಮ ಹೆಂಗಸ್ರ ಥರ" ಎಂದಳು ಓಬಕ್ಕ, ಆ ದಿನ ಮೊದಲ ಸಲ ನಕ್ಕು.

ಹನ್ನೆರಡು ಜಾಗಕ್ಕೆ ಮೂರು ದಿನ ಹಿಡಿಯಿತು. ಪ್ರತಿ ತೂತನ್ನೂ ಓಬಕ್ಕ ಕೈಯಿಂದಲೇ ಮುಚ್ಚಿ, ಅಂಗೈಯಿಂದ ತಟ್ಟಿದಳು, ಮಗುವನ್ನು ಮಲಗಿಸುವವಳ ಹಾಗೆ.

*

ಒಣಗಿಸಿ ತೂಗಿದ ಮಣ್ಣನ್ನು ಪ್ರಯೋಗಾಲಯದ ಕುಲುಮೆಯಲ್ಲಿ ಸುಡುತ್ತಾರೆ. ಅದರಲ್ಲಿರುವ ಇಂಗಾಲ ಉರಿದುಹೋಗುತ್ತದೆ. ಮತ್ತೆ ತೂಗಿದಾಗ ಎಷ್ಟು ಕಡಿಮೆಯಾಯಿತೋ ಅದರಿಂದ ಲೆಕ್ಕ ಸಿಗುತ್ತದೆ. ರೂಪಕಲಾ ಎರಡೆರಡು ಸಲ ತೂಗಿದಳು. ಹನ್ನೆರಡು ಚೀಲಕ್ಕೆ ಹನ್ನೆರಡು ಬೇರೆ ಅಂಕಿ, ಒಂದಕ್ಕಿಂತ ಒಂದು ಹೆಚ್ಚು. ಬೊಮ್ಮಕ್ಕನ ಕಾವಲಿನ ಒಂದು ಎಕರೆಯ ಮಣ್ಣಿನಲ್ಲಿ ನೀಲಗಿರಿ ತೋಪು ನಲವತ್ತು ವರ್ಷ ಬೆಳೆದರೂ ಹೀರಲಾರದಷ್ಟು ಇಂಗಾಲವಿತ್ತು. ಉತ್ತರೆ ಅಷ್ಟೂ ಎದ್ದು ಗಾಳಿಗೆ ಹೋಗುತ್ತಿತ್ತು.

ಅವಳಿಗೆ ಕಣ್ಣು ತುಂಬಿತು. ಗೆದ್ದೆವು ಎಂದುಕೊಂಡಳು.

ಆಕ್ಷೇಪಣೆಗೆ ಓಬಕ್ಕನ ಹೆಬ್ಬೆಟ್ಟು ಒತ್ತಿಸುವ ಮುನ್ನ, ತಕ್ಕಡಿ ಏನು ಹೇಳಬಹುದೋ ನೋಡೋಣವೆಂದು, ಪರೀಕ್ಷಾರ್ಥವಾಗಿ ಅಂಕಿ ಹಾಕಿ ನೋಡುವ ಪುಟ ತೆರೆದಳು. ಹನ್ನೆರಡೂ ಅಂಕಿ ಕೊಟ್ಟಳು. ತೆರೆಯ ಮೇಲಿನ ಹಳದಿ ಕರಗಿ ಕಡು ಹಸಿರಾಯಿತು. ಕೆಳಗೆ ಹೊಸ ಆದೇಶದ ಕರಡು ಮೂಡಿತು.

ಬೊಮ್ಮಕ್ಕನ ಕಾವಲು ಅಮೂಲ್ಯ ಇಂಗಾಲ ಭಂಡಾರ. ಸುತ್ತ ತಂತಿ ಬೇಲಿ ಹಾಕತಕ್ಕದ್ದು. ಜನ, ಜಾನುವಾರು ಪ್ರವೇಶ ನಿಷಿದ್ಧ. ಭಂಡಾರದ ಆಧಾರದ ಮೇಲೆ ಸಿಮೆಂಟು ಕಾರ್ಖಾನೆಯ ಎರಡನೆಯ ಸುಡುಗೂಡಿಗೆ ಅನುಮತಿ.

ಅವಳು ಮೂರು ಸಲ ಓದಿದಳು. ಬೆನ್ನ ಹಿಂದೆ ಪ್ರಹ್ಲಾದ ಬಂದು ನಿಂತಿದ್ದರು.

"ಅದ್ಭುತ! ಇಂಥ ಭಂಡಾರ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲವಲ್ಲ! ರಾಜಧಾನಿಗೆ ನಿಮ್ಮ ಹೆಸರು ಕಳಿಸ್ತೀನಿ."

"ಸರ್, ಕುರಿಯವರು ಎಲ್ಲಿಗೆ ಹೋಗಬೇಕು?"

"ಕೊಟ್ಟಿಗೆ ಯೋಜನೆ ಇದೆಯಲ್ಲ. ಕುರಿಗಳನ್ನ ಒಳಗೇ ಕಟ್ಟಿ ಹಾಕಿ ಮೇವಿನ ಉಂಡೆ ಕೊಡೋದು."

"ಉಂಡೆ ಎಲ್ಲಿಂದ ಬರುತ್ತೆ?"

"ಪಕ್ಕದ ಜಿಲ್ಲೆಯಿಂದ, ಲಾರಿಯಲ್ಲಿ."

"ಲಾರಿಯ ಹೊಗೆ?"

"ಅದು ಆ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತೆ." ಪ್ರಹ್ಲಾದ ಸಂಕೋಚವಿಲ್ಲದೆ ಹೇಳಿದರು, ಅವರಿಗೆ ಅದರಲ್ಲಿ ನಾಚಿಕೆಯ ವಿಷಯವೇನೂ ಕಾಣಲಿಲ್ಲ.

ರೂಪಕಲಾ ಎದ್ದು ನಿಂತಳು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ದನಿ ಏರಿಸಿದವಳಲ್ಲ. ಅಂದು ಕೊಠಡಿಯ ಆ ತುದಿಯವರೂ ತಲೆಯೆತ್ತಿ ನೋಡಿದರು.

"ಸರ್, ಈ ಮಣ್ಣು ತಾನಾಗಿ ಹೀಗಾಗಿಲ್ಲ. ಇದನ್ನ ಉಳದೆ, ಅಗೆಯದೆ, ಎಷ್ಟು ಬೇಕೋ ಅಷ್ಟೇ ಮೇಯಿಸಿ ಕಾದವರು ಇದ್ದಾರೆ. ಮಳೆ ಬಂದ ಮೇಲೆ ಮೂರು ತಿಂಗಳು ಅರ್ಧ ಕಾವಲಿಗೆ ಕುರಿ ಬಿಡಲ್ಲ. ಆಗ ಮರಿಗಳಿಗೆ ಅಂತ ಸೊಪ್ಪು ಹೊತ್ತು ತರೋಕೆ ಆರು ಮೈಲಿ ನಡೀತಾರೆ. ಅದು ತಕ್ಕಡಿಗೆ ಯಾಕೆ ಕಾಣಲ್ಲ?"

"ಅದಕ್ಕೆ ತಕ್ಕಡಿಯಲ್ಲಿ ಕಾಲಂ ಇಲ್ಲ ರೂಪಕಲಾ ಅವರೇ. ಉತ್ಪಾದನೆ, ಇಂಗಾಲ. ಎರಡೇ. ಅವರ ಹೆಸರಲ್ಲಿ ಪಹಣಿ ಇದ್ದಿದ್ದರೆ..."

"ಪಹಣಿ ಇದ್ದವರು ಯಾವತ್ತೋ ಮಾರಿಬಿಡ್ತಿದ್ರು ಸರ್. ಇವರದ್ದಲ್ಲದ ನೆಲವನ್ನ ಇವರು ಇಷ್ಟು ಕಾಲ ಕಾದರಲ್ಲ, ಅದಕ್ಕೆ ಶಿಕ್ಷೆಯಾ? ಸೊನ್ನೆ ಬಂದರೆ ನೆಲ ಬರಡು, ಆಚೆ ಹೋಗಿ. ನೂರು ಬಂದರೆ ನೆಲ ಬಂಗಾರ, ಆಚೆ ಹೋಗಿ! ಬಂಗಾರ ಮಾಡಿದವರ ಬೆವರಿನ ಮೇಲೆ ಇನ್ನೊಬ್ಬನ ಹೊಗೆಗೆ ರಹದಾರಿ!"

ಪ್ರಹ್ಲಾದ ಮೆಲ್ಲಗೆ, "ಯಂತ್ರ ಯಾರಿಗೂ ಮೋಸ ಮಾಡಲ್ಲ" ಎಂದರು.

"ಅದಕ್ಕೆ ಏನು ತೂಗಬೇಕು ಅಂತ ಹೇಳಿಕೊಟ್ಟೋರು ಮಾಡ್ತಾರೆ" ಎಂದಳು ರೂಪಕಲಾ. ಚೀಲಗಳನ್ನು ಒಂದೊಂದಾಗಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

*

ಓಬಕ್ಕ ಕಾವಲಿನಲ್ಲೇ ಇದ್ದಳು. ಕುಂಟುತ್ತಿದ್ದ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ರೂಪಕಲಾ ಹುಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳುವಾಗ ಅತ್ತೆಯ ಮುಖ ನೋಡಲಾಗಲಿಲ್ಲ. ಮುದುಕಿಯ ಕೈಗೆ ಕಬ್ಬಿಣ ಕೊಟ್ಟವಳು ತಾನು.

"ಅಂದ್ರೆ ಸುಳ್ಳು ಮಣ್ಣು ಕೊಟ್ಟಾಗ್ಲೂ ಹೋಗಾದು ನಾವೇ, ನಿಜದ್ದು ಕೊಟ್ಟಾಗ್ಲೂ ನಾವೇ?"

"ಹೌದು ಅತ್ತೆ."

"ಬೇಲಿ ಹಾಕಿದ್ರೆ ಹುಲ್ಲು ಉಳಿಯುತ್ತಾ?"

"ಉಳಿಯಲ್ಲ. ಮೇಯೋರಿಲ್ಲದೆ ಒಣಗಿ ಮುರುಟುತ್ತೆ. ಜಾಲಿ ಬರುತ್ತೆ. ಹತ್ತು ವರ್ಷದಲ್ಲಿ ಈ ಅಂಕಿನೂ ಇರಲ್ಲ. ಗೂಡಿನ ಹೊಗೆ ಮಾತ್ರ ಇರುತ್ತೆ."

ಓಬಕ್ಕ ಮುಳ್ಳನ್ನು ಕಿತ್ತಳು. ಮರಿಯನ್ನು ಕೆಳಗೆ ಬಿಟ್ಟಳು. ಅದು ನಾಲ್ಕು ಹೆಜ್ಜೆ ಕುಂಟಿ, ಐದನೆಯದಕ್ಕೆ ಜಿಗಿಯಿತು.

"ನಾನು ಹೆಬ್ಬೆಟ್ಟು ಒತ್ತಲ್ಲ" ಎಂದಳು. "ಮಣ್ಣು ಮನೆಗೆ ತಗಂಡು ಹೋಗು. ಎರಡು ಸಲ ಕೇಳಿದ್ರು, ಎರಡು ಸಲ ಕೊಟ್ಟೆ. ನಾವು ಇಲ್ಲಿರೋದು ಯಾಕೆ ಅಂತ ಇನ್ನೆಷ್ಟು ಸಲ ಯಂತ್ರದ ಮುಂದೆ ಕೈ ಕಟ್ಕಂಡು ಹೇಳ್ಬೇಕು?"

ಹದಿನೈದನೆಯ ದಿನ ಸಂಜೆ ಐದಾಯಿತು. ಆಕ್ಷೇಪಣೆ ಹೋಗಲಿಲ್ಲ. ಹೆಬ್ಬೆಟ್ಟಿಲ್ಲದ ಮಣ್ಣು ಕಾನೂನಿನ ಕಣ್ಣಿಗೆ ಮಣ್ಣೇ ಅಲ್ಲ. ಪ್ರಹ್ಲಾದ ಅದನ್ನು ಬಳಸುವಂತಿರಲಿಲ್ಲ. ಮಣ್ಣು ಓದಲು ಕಲಿತವಳು, ನಿಜವಾದ ಅಂಕಿಯನ್ನು ಅಡುಗೆಮನೆಯ ಮಾಡದಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಳು. ಅದು ಅವಳಿಗೆ ಸುಲಭವಾಗಿರಲಿಲ್ಲ. ರೊಟ್ಟಿ ತಟ್ಟುವಾಗಲೆಲ್ಲ ಅದು ಬೆನ್ನ ಹಿಂದೆ ಯಾರೋ ನಿಂತಂತೆ ಇರುತ್ತಿತ್ತು.

*

ನೇಗಿಲುಗಳು ಬುಧವಾರ ಬಂದವು. ಒಂಬತ್ತು ಕಿತ್ತಳೆ ಬಣ್ಣದ ಯಂತ್ರಗಳು, ಚಾಲಕರಿಲ್ಲ. ಕರೆಂಟಿನ ತಂತಿ ಆ ಕಡೆ ಇಲ್ಲದ್ದರಿಂದ ಅವುಗಳ ಬ್ಯಾಟರಿಗೆ ಚಾರ್ಜು ಮಾಡಲು ಡೀಸೆಲ್ ಜನರೇಟರು ಹೊತ್ತ ಎರಡು ಲಾರಿಗಳೂ ಬಂದವು. ಹಟ್ಟಿಯವರು ಗಡಿಕಲ್ಲಿನ ಹತ್ತಿರ ಗುಂಪಾಗಿ ನಿಂತರು. ಕ್ಯಾತಣ್ಣ ನೆಲಕ್ಕೆ ಕೂತುಬಿಟ್ಟ. ಯಂತ್ರಗಳು ಸಾಲಾಗಿ ನಿಂತು, ಒಟ್ಟಿಗೆ ನೇಗಿಲ ಗುಳ ಇಳಿಸಿ, ಹೊರಟವು.

ಚಿತ್ತಕ್ಕನ ಟಗರು ಎಂಥ ಮೊಂಡ ಎಂದರೆ ಚಿತ್ತಕ್ಕನ ಗಂಡನಿಗೂ ಹೆದರುತ್ತಿರಲಿಲ್ಲ. ಅದು ದಾರಿಯ ಮಧ್ಯದಲ್ಲಿ ಮೇಯುತ್ತಿತ್ತು. ಮೊದಲ ಯಂತ್ರ ಹತ್ತಿರ ಬಂತು. ಟಗರು ತಲೆಯೆತ್ತಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಹತ್ತು ಹೆಜ್ಜೆ ದೂರದಲ್ಲಿ ಯಂತ್ರ ನಿಂತಿತು. ಗುಳ ಮೇಲೆತ್ತಿಕೊಂಡಿತು. ಅದು ನಿಂತದ್ದಕ್ಕೆ ಉಳಿದ ಎಂಟೂ ನಿಂತವು.

"ಓಹೋ, ಇದಕ್ಕೆ ನನ್ನ ಗಂಡನಿಗಿಂತ ಮರ್ಯಾದೆ ಐತೆ!" ಎಂದಳು ಚಿತ್ತಕ್ಕ.

ಜೀವವಿರುವ ಯಾವುದರ ಮೈಮೇಲೂ ಹೋಗಬಾರದು ಎಂದು ಆ ಯಂತ್ರಗಳನ್ನು ಮಾಡಿದವರು ಅವುಗಳಿಗೆ ಕಲಿಸಿದ್ದರು. ಎದುರಿರುವ ಜೀವ ತಾನಾಗಿ ಸರಿಯುವವರೆಗೆ ಅವು ಕಾಯುತ್ತವೆ. ದಾರಿಯಲ್ಲಿ ಒಂದು ನಾಯಿಯೋ ಮೊಲವೋ ಸಿಕ್ಕೀತು ಎಂದು ಅವರು ಎಣಿಸಿದ್ದರು. ಹನ್ನೊಂದು ಸಾವಿರ ಕುರಿಯನ್ನು ಎಣಿಸಿರಲಿಲ್ಲ.

ಓಬಕ್ಕ ತಿರುಗಿ ಹಟ್ಟಿಯ ಕಡೆಗೆ ನೋಡಿದಳು. ಗಡಿಕಲ್ಲಿನ ಗುಂಪು ದಡ್ಡಿಗಳ ಕಡೆಗೆ ಓಡಿತು. ಬಾಗಿಲುಗಳು ತೆರೆದವು.

ಕುರಿ ಒಂದರ ಹಿಂದೆ ಒಂದು ಸುರಿಯಿತು. ಬಿಳಿ, ಕಪ್ಪು, ಕಂದು; ಒಂದು ಗಳಿಗೆಯಲ್ಲಿ ಕಾವಲು ಕಂಬಳಿ ಹೊದ್ದ ಹಾಗಾಯಿತು. ಒಂಬತ್ತು ಕಿತ್ತಳೆ ಯಂತ್ರಗಳು ಕುರಿಗಳ ನಡುವೆ ಕಳೆದುಹೋದ ಮಕ್ಕಳಂತೆ ನಿಂತವು. ಕ್ಯಾತಣ್ಣ ಎದ್ದು ದೇವರ ಎತ್ತುಗಳನ್ನು ತಂದ. ಅವುಗಳನ್ನು ಹೊಡೆಯುವಂತಿಲ್ಲ, ಅಟ್ಟುವಂತಿಲ್ಲ. ಅವು ಮಲಗಿದ ಕಡೆ ಮಲಗಿದ್ದೇ. ಅವು ಲಾರಿಯ ನೆರಳು ನೋಡಿ ಅಲ್ಲೇ ಮಲಗಿದವು. ಹೋಗುವಾಗ ಕ್ಯಾತಣ್ಣ ಓಬಕ್ಕನ ಎದುರು ನಿಂತು, ಅವಳ ಚೊಂಬಿನಿಂದ ನೀರು ಕುಡಿದು ಮುಂದೆ ನಡೆದ.

ಗುತ್ತಿಗೆದಾರರು ಪೊಲೀಸರನ್ನು ಕರೆಸಿದರು. ಸಬ್ ಇನ್‌ಸ್ಪೆಕ್ಟರು ಆದೇಶವನ್ನು ಎರಡು ಸಲ ಓದಿದ. ಮೊದಲ ಉಳುಮೆ ಮುಗಿದ ಮೇಲೆ ಕಾವಲು ನೆಡುತೋಪಾಗುತ್ತದೆ, ಅಲ್ಲಿಂದ ಮೇಯಿಸುವುದು ಅಪರಾಧ ಎಂದಿತ್ತು. ಉಳುಮೆಯೇ ಮುಗಿದಿಲ್ಲವಲ್ಲ! "ಕುರಿ ಮೇಯಿಸಿದ್ದಕ್ಕೆ ನಾನು ಏನಂತ ಕೇಸು ಹಾಕ್ಲಿ?" ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದ.

ರೂಪಕಲಾ ದಿನವೂ ಕೆಲಸಕ್ಕೆ ಹೋದಳು. ತೆರೆಯ ಮೇಲೆ ಒಂಬತ್ತು ಚುಕ್ಕೆಗಳು ನಿಂತಲ್ಲೇ ಮಿನುಗುತ್ತಿದ್ದವು. ಪಕ್ಕದಲ್ಲಿ ತಕ್ಕಡಿಯ ಲೆಕ್ಕ ಏರುತ್ತಿತ್ತು. ನಿಂತ ಯಂತ್ರಕ್ಕೂ ಬ್ಯಾಟರಿ ಬೇಕು, ಬ್ಯಾಟರಿಗೆ ಜನರೇಟರು ಓಡಬೇಕು, ಜನರೇಟರು ಹೊಗೆ ಬಿಡಬೇಕು. ಆ ಹೊಗೆಯನ್ನು ಬೇರೆ ಜಿಲ್ಲೆಯ ಲೆಕ್ಕಕ್ಕೆ ತಳ್ಳಲು ಬರುತ್ತಿರಲಿಲ್ಲ. ಮನೆಯಲ್ಲಿ ಪಾಲಾಕ್ಷ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟು ಸರದಿಯಲ್ಲಿ ನಿಂತ. ಹೆಂಗಸರು ಒಲೆಗಳನ್ನು ಗಡಿಕಲ್ಲಿನ ಹೊರಗೆ ತಂದು ಹೂಡಿದರು. ಚಿನ್ಮಯಿ ಶಾಲೆ ಬಿಟ್ಟವಳೇ ಚೀಲದೊಂದಿಗೆ ಅಲ್ಲಿಗೇ ಓಡಿ, ಯಂತ್ರದ ನೆರಳಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಬಿಸಿಲಿಗೆ ಕಂದಿದ ಅವಳ ಮುಖಕ್ಕೆ ತಾಯಿ ಸಂಜೆ ಒದ್ದೆ ಸೆರಗು ಒತ್ತುತ್ತಿದ್ದಳು. ಮನೆಗೆ ಬಾ ಎಂದು ಮಾತ್ರ ಕರೆಯುತ್ತಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಎರಡೂಕಾಲು ಗಂಟೆಗೆ ಒಂಬತ್ತು ಚುಕ್ಕೆಗಳು ಒಟ್ಟಿಗೆ ತಿರುಗಿದವು. ರೂಪಕಲಾ ಆದೇಶ ಓದಿದಳು. ನಿರೀಕ್ಷೆಗಿಂತ ಇಂಧನ ವೆಚ್ಚ ಅಧಿಕ, ಹೊರಸೂಸುವಿಕೆ ಲಾಭವನ್ನು ಮೀರಿದೆ, ಯೋಜನೆ ಹಿಂಪಡೆಯಲಾಗಿದೆ.

ಕುರಿಯ ಹೆಸರಿಲ್ಲ. ಜನರ ಹೆಸರಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಒಂದು ಅಕ್ಷರವಿಲ್ಲ. ಆದರೂ ಅವಳು ಫೋನಿನಲ್ಲಿ ಪಾಲಾಕ್ಷನಿಗೆ ಹೇಳಿದಾಗ ಆ ಕಡೆಯಿಂದ ಎದ್ದ ಕೂಗು ಕಿವಿಗಡಚಿಕ್ಕಿತು. ಯಾರೋ ಅಳುತ್ತಿದ್ದರು, ಯಾರೋ ಟಗರಿಗೆ ಬೆಲ್ಲ ತನ್ನಿ ಎನ್ನುತ್ತಿದ್ದರು. ಅತ್ತೆಯ ದನಿಗಾಗಿ ಕಿವಿಗೊಟ್ಟಳು. "ಅವ್ವ ಹುಲ್ಲಿನ ಮೇಲೆ ಮಲಗೈತೆ" ಎಂದ ಪಾಲಾಕ್ಷ. "ಗಾಬರಿ ಆಗ್ಬೇಡ. ನಿದ್ದೆ ಮಾಡ್ತೈತೆ."

ಪ್ರಹ್ಲಾದ ಬಂದು ಅವಳ ಮೇಜಿನ ಪಕ್ಕ ನಿಂತರು. ಅವರಿಗೂ ಸಮಾಧಾನವಾಗಿತ್ತು. "ನೋಡಿದ್ರಾ? ತಕ್ಕಡಿ ತಪ್ಪು ತಿದ್ದಿಕೊಳ್ಳುತ್ತೆ. ಸುಮ್ಮನೆ ಸಿಟ್ಟು ಮಾಡ್ಕೊಂಡ್ರಿ."

ರೂಪಕಲಾಳ ಕಣ್ಣು ನಕ್ಷೆಯ ಮೇಲಿತ್ತು. ಬೊಮ್ಮಕ್ಕನ ಕಾವಲಿನ ಹಳದಿ ಆರಿ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಕ್ಷಣ ಎಲ್ಲೂ ಏನೂ ಇರಲಿಲ್ಲ. ಆಮೇಲೆ ಐವತ್ತು ಮೈಲಿ ಆಚೆ, ಜಿಲ್ಲೆಯ ಉತ್ತರದ ಮೂಲೆಯಲ್ಲಿ, ಹಾಲಿನಲ್ಲಿ ಅರಿಶಿನ ಬಿದ್ದ ಹಾಗೆ ಹೊಸ ಹಳದಿ ಹರಡತೊಡಗಿತು. ಸಿದ್ದರಬಂಡೆ ಕಾವಲು, ಐದು ಸಾವಿರದ ನೂರು ಎಕರೆ. ಕಾರ್ಖಾನೆಯ ಹೊಗೆಗೆ ಎಲ್ಲಾದರೂ ಸಮ ಬೇಕಲ್ಲ. ಒಂಬತ್ತು ಚುಕ್ಕೆಗಳು ಆಗಲೇ ಆ ದಾರಿ ಹಿಡಿದಿದ್ದವು.

"ಅಲ್ಲೂ ಮಣ್ಣಿನ ಅಂಕಿ ಸೊನ್ನೆಯೇ" ಎಂದರು ಪ್ರಹ್ಲಾದ, ಬಗ್ಗಿ ನೋಡಿ. "ಅಲ್ಲಿ ಇಷ್ಟು ತೊಂದರೆ ಆಗಲಿಕ್ಕಿಲ್ಲ."

ಅವರು ತಮ್ಮ ಕೋಣೆಗೆ ಹೋಗುವವರೆಗೂ ರೂಪಕಲಾ ಕೈ ಕಟ್ಟಿ ಕೂತಿದ್ದಳು. ಈ ಕುರ್ಚಿ ನಾಳೆ ತನ್ನದಾಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಯ ಖರ್ಚು, ಚಿನ್ಮಯಿಯ ಶಾಲೆ ಎಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ಅವಳು ಕೇಂದ್ರದ ಫೋನನ್ನೇ ಎತ್ತಿ, ಸಿದ್ದರಬಂಡೆಯ ಹಾಲಿನ ಡೈರಿಯ ನಂಬರು ಹುಡುಕಿ ಒತ್ತಿದಳು. ಬಹಳ ಹೊತ್ತು ಗಂಟೆ ಬಾರಿಸಿತು. ಕೊನೆಗೆ ಏದುಸಿರು ಬಿಡುತ್ತ ಒಬ್ಬ ಹೆಂಗಸು ಎತ್ತಿದಳು.

"ಯಾರ್ರೀ ಅದು? ಬೇಗ ಯೋಳ್ರಿ, ಎಮ್ಮೆ ಕಟ್ಟಿಲ್ಲ ನಾನು."

"ಅಮ್ಮಾ, ನಾನು ನೆಲದ ಆಫೀಸಿಂದ ಮಾತಾಡ್ತಿರೋದು. ನಿಮ್ಮೂರಲ್ಲಿ ಕುರಿ ಎಷ್ಟಿದಾವೆ?"

"ಮತ್ತೆ ಗಣತಿ ಬಂತಾ? ಹೋದ ತಿಂಗ್ಳು ತಾನೆ ಬರ್ಕಂಡು ಹೋದ್ರಲ್ಲವ್ವ!"

"ಗಣತಿ ಅಲ್ಲಮ್ಮ, ನಾನು ಬರ್ಕೊಳ್ಳಲ್ಲ" 
ಎಂದಳು ರೂಪಕಲಾ. "ಎಲ್ಲಾನೂ ಒಟ್ಟಿಗೆ ಕಾವಲಿಗೆ ಬಿಡೋಕೆ ಎಷ್ಟು ಹೊತ್ತು ಬೇಕು, ಅಷ್ಟು ಹೇಳಿ."